ಅಟ್ಟದ ಏಣಿ

ಮನೆ ನೋಡಲು ಜನ ಬರುವ ದಿನ ಹುಲಿಗೆಮ್ಮ ಮನೆಯಲ್ಲಿ ಇರಬಾರದು ಎಂದು ಮೊದಲು ಬಾಯಿಬಿಟ್ಟು ಹೇಳಿದವಳು ಬಸಕ್ಕ. ಹೇಳಿದ್ದೂ ಬೆಳಗಿನ ರೊಟ್ಟಿ ತಟ್ಟುವ ಹೊತ್ತಿನಲ್ಲಿ, ಹುಲಿಗೆಮ್ಮನ ಮುಖ ನೋಡದೆ, ಹೆಂಚಿನ ಮೇಲಿದ್ದ ರೊಟ್ಟಿಗೆ ಹೇಳಿದ ಹಾಗೆ.

"ದೊಡ್ಡತ್ತೆ, ನಾಳೆ ನೀವು ಈಸೂರಿಗೆ ಹೋಗಿ ಬರ್ರಿ. ನಿಮ್ಮ ತಂಗಿ ಮಗಳು ಬಾ ಬಾ ಅಂತಿದ್ಲಲ್ಲ."

"ನಾಳೆ ಶಿರಾಳಕೊಪ್ಪದೋರು ಮನೆ ನೋಡಾಕೆ ಬರ್ತಾರೆ ಅಂದ್ಯಲ್ಲೇ?"

"ಅದಕ್ಕೇ ಅಂದಿದ್ದು."

ಹುಲಿಗೆಮ್ಮನಿಗೆ ಅರ್ಥವಾಗದೆ ಇರಲಿಲ್ಲ. ಅರವತ್ತು ದಾಟಿದ ಗಂಡನಿಲ್ಲದ ಹೆಂಗಸು. ಕೊಳ್ಳುವವರು ಹೊಸ್ತಿಲು ದಾಟುವಾಗ ಬರಿ ಹಣೆಯ ಮುಖ ಎದುರಾದರೆ ವ್ಯಾಪಾರ ಕುದುರುವುದಿಲ್ಲವಂತೆ. ಆದರೆ ಆ ಮನೆಯ ನೆಲ ಸಾರಿಸಲು, ಜಗಲಿಗೆ ಕೆಮ್ಮಣ್ಣು ಬಳಿಯಲು, ಬಾವಿಯ ಸುತ್ತಲಿನ ಪಾಚಿ ಕೆರೆದು ತೆಗೆಯಲು ಅದೇ ಬರಿ ಹಣೆಯ ಮುದುಕಿ ಬೇಕು. ಅಂದು ಸಂಜೆಯವರೆಗೆ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತು. ಮರುದಿನ ಮೊದಲ ಬಸ್ಸಿಗೆ ಅವಳನ್ನು ಸಾಗಹಾಕಿದರು.

ಶಿಕಾರಿಪುರದ ಆ ಮನೆಯನ್ನು ಕಟ್ಟಿದವನು ಅವಳ ಗಂಡ ಕೆಂಪಪ್ಪ. ಕಟ್ಟಿದವನು ಎನ್ನುವುದು ಮಾತಿಗೆ. ಗೋಡೆಯ ಮಣ್ಣನ್ನು ಎರಡು ಬೇಸಿಗೆ ಕಾಲಲ್ಲಿ ತುಳಿದವಳು ಹುಲಿಗೆಮ್ಮ. ಕೆಂಪಪ್ಪ ಸತ್ತು ಇಪ್ಪತ್ತೆರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮೈದುನ ಚೌಡಪ್ಪನ ಹೆಂಡತಿ ಅದಕ್ಕೂ ಮೊದಲೇ, ನಾಲ್ಕು ವರ್ಷದ ಲೋಕಪ್ಪನನ್ನು ಬಿಟ್ಟು ತೀರಿಕೊಂಡಿದ್ದಳು. ಆ ಹುಡುಗನಿಗೆ ತುತ್ತು ಕಲಸಿ ಉಣಿಸಿ, ಜ್ವರ ಬಂದಾಗ ಎದೆಗವಚಿಕೊಂಡು ಸಾಕಿದವಳೂ ಇವಳೇ. ಈಗ ಆ ಹುಡುಗ ತಾಲ್ಲೂಕು ಕಚೇರಿಯ ಗುಮಾಸ್ತ. ಕಳೆದ ವರ್ಷ ಸೊರಬಕ್ಕೆ ವರ್ಗವಾಗಿ ದಿನಾ ಬಸ್ಸಿನಲ್ಲಿ ಓಡಾಡಿ ಸಾಕಾಗಿದ್ದ. ಈ ಮನೆ ಮಾರಿ ಸೊರಬದಲ್ಲಿ ಮಂಗಳೂರು ಹೆಂಚಿನ ಮನೆ ಕೊಳ್ಳುವುದು ಅವನ ಲೆಕ್ಕಾಚಾರ. ಬಸಕ್ಕ ಅವನ ಹೆಂಡತಿ, ಹದಿನಾರರ ತಾಯಮ್ಮ ಮಗಳು. ಚೌಡಪ್ಪ ಜಗಲಿಯ ಕಂಬಕ್ಕೆ ಒರಗಿ ಎಲೆಯಡಿಕೆ ಜಗಿಯುತ್ತ, ಮಗ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತ ಕಾಲ ಕಳೆಯುತ್ತಿದ್ದ.

ಈಸೂರಿನಿಂದ ಬಂದವಳೇ ಹುಲಿಗೆಮ್ಮ ಕೇಳಿದಳು.

"ಏನಂದ್ರು?"

"ಏನಂತಾರೆ, ನೋಡಿ ಹ್ವಾದ್ರು. ಇನ್ನೊಂದ್ಸಲ ಬರ್ತಾರಂತೆ," ಎಂದಳು ಬಸಕ್ಕ.

"ಅಜ್ಜಿ, ಬಾವಿ ಬ್ಯಾಸಿಗೇಲಿ ಬತ್ತುತ್ತಾ ಅಂತ ಕೇಳಿದ್ರು. ಅಪ್ಪ ಇಲ್ಲ ಅಂದ," ಎಂದು ತಾಯಮ್ಮ ನಕ್ಕಳು. "ಚೈತ್ರದಾಗೆ ನಾವು ಪಕ್ಕದ ಮನಿಗೆ ಕೊಡ ಹೊರಾದು ಅವರಿಗೇನು ಗೊತ್ತು?"

"ನೀನು ಮುಚ್ಕೊಂಡು ಉಣ್ಣು," ಎಂದ ಲೋಕಪ್ಪ.

ಎರಡನೆಯ ಸಲ ಅವರು ಬಂದಾಗ ಹುಲಿಗೆಮ್ಮ ತೊಗರ್ಸಿಯಲ್ಲಿದ್ದಳು. ಅಲ್ಲಿ ಅವಳ ಅಣ್ಣನ ಮಗನ ಮನೆ. ಆ ಮನೆಯ ಸೊಸೆ ಮಜ್ಜಿಗೆ ಕೊಡುತ್ತ, "ಇನ್ನು ಮುಂದೆ ವರ್ಷದಾಗೆ ಮೂರು ತಿಂಗಳು ನಮ್ಮ ಪಾಳಿಯಂತೆ ಹೌದೇನ್ರಿ? ಲೋಕಪ್ಪಣ್ಣ ಬಂದು ಹೇಳಿ ಹೋಗ್ಯಾನೆ," ಎಂದಳು. ಹುಲಿಗೆಮ್ಮನ ಕೈಯಲ್ಲಿ ಲೋಟ ಹಾಗೆಯೇ ಉಳಿಯಿತು. ಮೂರು ತಿಂಗಳು ಈಸೂರು, ಮೂರು ತಿಂಗಳು ತೊಗರ್ಸಿ, ಉಳಿದದ್ದು ಸೊರಬ. ತನ್ನನ್ನು ಹೀಗೆ ಹಂಚಿಹಾಕಿದ ಸುದ್ದಿ ಊರಿಗೆಲ್ಲ ಗೊತ್ತು, ತನಗೊಬ್ಬಳಿಗೆ ಗೊತ್ತಿಲ್ಲ. ಅವಳ ಮೈ ಉರಿದುಹೋಯಿತು. ಆದರೂ ಮಜ್ಜಿಗೆ ಕುಡಿದು ಲೋಟ ತೊಳೆದಿಟ್ಟು ಬಂದಳು.

ಮೂರನೆಯ ಸಲ ಅವರು ಹೇಳಿ ಕಳಿಸದೆಯೇ ಬಂದರು.

ಶಿವರಾತ್ರಿ ಕಳೆದು ಹತ್ತು ದಿನವಾಗಿತ್ತು. ಹತ್ತು ಗಂಟೆಯ ಬಿಸಿಲಿನಲ್ಲಿ ಓಣಿಯ ತುದಿಯ ಅಂಗಡಿಯವನು ಕೂಗಿ ಹೇಳಿದ: "ಲೋಕಪ್ಪಣ್ಣಾ, ಶಿರಾಳಕೊಪ್ಪದ ಸಣ್ಣಬೀರಪ್ಪ ಬಸ್ ಇಳಿದ್ರು. ಜತೀಗೆ ಹೆಂಡ್ತಿ, ಒಬ್ಬ ಆಚಾರಿ. ನಿಮ್ಮನಿ ಕಡಿಗೇ ಬರಾಕೆ ಹತ್ಯಾರೆ!"

ಅಂದು ಭಾನುವಾರ. ಲೋಕಪ್ಪ ಬನಿಯನ್ನಿನಲ್ಲಿ ಇದ್ದವನು ಅಂಗಿ ಹುಡುಕತೊಡಗಿದ. ಬಸಕ್ಕ ಹರಿದ ಚಾಪೆ ಸುತ್ತಿ ಎತ್ತಿಟ್ಟಳು. ನಡುಮನೆಯ ಮೂಲೆಯ ಕಂಬದ ಹಿಂದೆ ಗೋಡೆ ಬಿರುಕು ಬಿಟ್ಟಿತ್ತು. ಅದಕ್ಕೆ ಲೋಕಪ್ಪ ಹೋದ ವಾರವೇ ಮಣ್ಣು ಮೆತ್ತಿ ಸುಣ್ಣ ಬಳಿದಿದ್ದ. ಅದರ ಮುಂದೆ ಕಾಳಿನ ಕಣಜ ಎಳೆದು ನಿಲ್ಲಿಸಿದ್ದಾಯಿತು. ಉಳಿದದ್ದು ಹುಲಿಗೆಮ್ಮ.

"ಹಿತ್ಲಿಗೆ ಕಳಿಸ್ರಿ," ಎಂದಳು ಬಸಕ್ಕ.

"ಬಾವಿ ನೋಡಾಕೆ ಹಿತ್ಲಿಗೆ ಬರಲ್ವೇನೆ ಅವ್ರು? ದೊಡ್ಡವ್ವ, ಒಂದು ಗಳಿಗೆ ಅಟ್ಟ ಹತ್ತಿ ಕುಂತ್ಕ."

"ಏನಂದಿ?"

"ಒಂದು ಗಳಿಗೆ ಅಷ್ಟೆ. ನಿನ್ನ ಕಾಲಿಗೆ ಬೀಳ್ತೀನಿ, ಹತ್ತು."

"ಅಪ್ಪಾ, ಅಜ್ಜಿ ಏನು ಒಡಕು ಮಡಕೇನಾ ಅಟ್ಟಕ್ಕೆ ಹಾಕಾಕೆ?" ತಾಯಮ್ಮ ಕೂಗಿದಳು.

"ಕಾಫಿಗೆ ನೀರಿಡು ಹೋಗು!"

ಹುಲಿಗೆಮ್ಮ ಚೌಡಪ್ಪನ ಕಡೆ ನೋಡಿದಳು. ಅವನು ಎಲೆಯ ತೊಟ್ಟು ಮುರಿಯುತ್ತ ತಲೆ ತಗ್ಗಿಸಿದ. ತಾನು ಸಾಕಿದವನ ಕೈಯೇ ಬೆನ್ನಿಗೆ ಬಂದು ಏಣಿಯ ಕಡೆ ದೂಡಿತು. ಅವಳು ಹತ್ತಿದಳು. ಏಕೆ ಹತ್ತಿದೆ ಎಂದು ಆಮೇಲೆ ಎಷ್ಟೋ ದಿನ ತನ್ನನ್ನೇ ಬೈದುಕೊಂಡಳು. ಮೇಲೆ ಹೋಗಿ ಸೌದೆಯ ಪಕ್ಕ ಕೂರುವಷ್ಟರಲ್ಲಿ ಕೆಳಗಿನಿಂದ ಏಣಿ ಸರಿಯಿತು. ಯಾರೂ ಹತ್ತಬಾರದೆಂದು ಲೋಕಪ್ಪ ಅದನ್ನು ಎತ್ತಿಕೊಂಡು ಹೋಗಿ ಪಕ್ಕದ ಮನೆಯ ಗೋಡೆಗೆ ಒರಗಿಸಿ ಬಂದ.

ಮನೆ ಮಾರಲು ಹೊರಟವನಿಗೆ ಇಷ್ಟು ಬುದ್ಧಿ ಬೇಡವೇ? ಆಚಾರಿಯನ್ನು ಕರೆದುಕೊಂಡು ಬಂದಿದ್ದಾರೆ ಎಂದರೆ ಅವನು ಮೊದಲು ನೋಡುವುದೇ ಅಟ್ಟದ ಮೇಲಿನ ತೊಲೆ ಜಂತೆ. ಮುಚ್ಚಿಡುವ ಆತುರದಲ್ಲಿ ಅವನಿಗೆ ಇದು ಹೊಳೆಯಲಿಲ್ಲ.

ಅಟ್ಟದ ಮೇಲೆ ನಾಡಹೆಂಚಿನ ಕಾವು. ಅಡುಗೆಮನೆಯ ಹೊಗೆಯೆಲ್ಲ ಅಲ್ಲಿಗೇ ಬಂದು ಸೇರುತ್ತಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಮ್ಮು ತಡೆದಳು. ಕೆಳಗೆ ಉಪ್ಪಿಟ್ಟಿನ ಒಗ್ಗರಣೆ ಸಿಡಿಯುವುದು, ಬಸಕ್ಕನ ನಗು, ಸಣ್ಣಬೀರಪ್ಪನ ದಪ್ಪ ದನಿ ಎಲ್ಲ ಕೇಳುತ್ತಿತ್ತು. ಅವಳು ಬೆಳಗಿನಿಂದ ಏನೂ ತಿಂದಿರಲಿಲ್ಲ. ಒಂದು ಗಳಿಗೆ ಎಂದದ್ದು ಒಂದು ಗಂಟೆಯಾಯಿತು, ಎರಡಾಯಿತು. ಹೊರಕಡೆಗೆ ಹೋಗಬೇಕೆನಿಸಿತು. ಇಳಿಯಲು ದಾರಿಯಿಲ್ಲ. ಮೊಣಕಾಲು ಹಿಡಿದುಕೊಂಡು ಕೂತಳು. ಕಣ್ಣಲ್ಲಿ ನೀರು ಬಂದದ್ದು ಹೊಗೆಗೆ ಮಾತ್ರ ಅಲ್ಲ.

ಕೆಳಗೆ ಆಚಾರಿಯ ದನಿ ಕೇಳಿತು. "ಕಂಬ ಗಟ್ಟಿ ಅದಾವೆ. ಈ ಮೂಲಿ ಕಂಬ ಯಾಕೋ ಒಂದು ಬೆರಳು ಕುಸಿದಂಗೈತೆ. ಏಣಿ ತರ್ರಿ, ಮ್ಯಾಲಿನ ತೊಲೆ ನೋಡಾಣ."

"ಏಣಿ ಮುರಿದೈತೆ ಆಚಾರ್ರೆ," ಎಂದ ಲೋಕಪ್ಪ. "ತೊಲೆ ಎಲ್ಲ ಸಾಗುವಾನಿ. ನೋಡಾದೇ ಬ್ಯಾಡ."

"ತೊಲೆ ನೋಡದೆ ಮನೆ ನೋಡಿದ್ದು ಹ್ಯಾಂಗಾತು? ಪಕ್ಕದ ಮನ್ಯಾಗೆ ಇರ್ತೈತೆ, ತರ್ತೀನಿ ತಡೀರಿ."

ಆಚಾರಿ ಹೊರಟೇ ಬಿಟ್ಟ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಕೆಲವು ಹೆಂಗಸರು, ಅವರ ಹಿಂದೆ ಏಣಿ ಹೊತ್ತ ಆಚಾರಿ ಎಲ್ಲರೂ ಒಳಗೆ ಬಂದರು. "ನಿಮ್ಮದೇ ಏಣಿ ಅಲ್ವಾ ಲೋಕಪ್ಪ, ಬೆಳಿಗ್ಗೆ ತಾನೆ ಇಟ್ಟು ಹ್ವಾದ್ರಿ?" ಎಂದು ಒಬ್ಬಾಕೆ ಪಾಪ, ಏನೂ ಅರಿಯದೆ ಕೇಳಿದಳು. ಲೋಕಪ್ಪ ಬೆವರು ಒರೆಸಿಕೊಂಡ.

ಏಣಿ ಕಿರುಗುಟ್ಟಿತು. ಆಚಾರಿಯ ರುಮಾಲು ಮೊದಲು ಕಾಣಿಸಿತು, ಆಮೇಲೆ ಕಣ್ಣು. ಹುಲಿಗೆಮ್ಮ ಅವನನ್ನು ನೋಡಿದಳು, ಅವನು ಇವಳನ್ನು ನೋಡಿದ.

"ಯಜಮಾನ್ರೆ, ಇಲ್ಲೊಬ್ಬ ಹೆಣ್ಣುಮಗಳು ಕುಂತಾಳೆ!"

ಕೆಳಗೆ ಎಲ್ಲರೂ ತಲೆ ಎತ್ತಿದರು. ಆಮೇಲೆ ಲೋಕಪ್ಪ ಅಂದ ಮಾತು ಹುಲಿಗೆಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತು.

"ಅದಾ... ಕೆಲಸದಾಕಿ. ಸೌದೆ ಜೋಡಿಸಾಕೆ ಹತ್ತಿದ್ಲು."

ಅಲ್ಲಿಯವರೆಗೆ ಅವಳಿಗಿದ್ದದ್ದು ನಾಚಿಕೆ. ಈ ಮಾತು ಕಿವಿಗೆ ಬಿದ್ದಮೇಲೆ ನಾಚಿಕೆ ಎತ್ತ ಹೋಯಿತೋ ಗೊತ್ತಿಲ್ಲ. ಅವಳು ಸೆರಗು ಕೊಡವಿ ಎದ್ದು ಒಂದೊಂದೇ ಮೆಟ್ಟಿಲು ಇಳಿದಳು. ನೆಟ್ಟಗೆ ಹಿತ್ತಿಲಿಗೆ ಹೋಗಿ ಬಂದಳು. ಮುಖ ತೊಳೆದು, ಒಂದು ಚೊಂಬು ನೀರು ಕುಡಿದು, ನಡುಮನೆಯಲ್ಲಿ ಎಲ್ಲರ ಎದುರು ನಿಂತಳು.

"ಕೆಲಸದಾಕಿ ಅಂದ್ಯಲ್ಲ ಲೋಕಾ, ಸಂಬಳ ಎಷ್ಟು ಅಂತನೂ ಹೇಳಿಬಿಡು. ನಾನೂ ಕೇಳ್ತೀನಿ."

"ದೊಡ್ಡವ್ವ, ಒಳಗೆ ಹೋಗು."

"ಹಾ, ದೊಡ್ಡವ್ವ! ಈಗ ನೆಪ್ಪಾತೇನು?"

ಸಣ್ಣಬೀರಪ್ಪ ಐವತ್ತರ ಆಳು, ಮೆಣಸಿನಕಾಯಿ ವ್ಯಾಪಾರಿ. ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಕೇಳಿದ. "ತಾಯಿ, ನೀವು ಯಾರು?"

"ಈ ಗೋಡೆ ಮಣ್ಣು ತುಳಿದಾಕಿ. ಈ ಮನೆ ಹಿರೇಮಗ ಕೆಂಪಪ್ಪನ ಹೆಂಡ್ತಿ. ನೀವು ಮೂರು ಸಲ ಬಂದು ಇವರ ಬಾಯಲ್ಲಿ ಮನೆ ನೋಡಿದ್ರಿ. ಬರ್ರಿ, ನಾನು ತೋರಿಸ್ತೀನಿ."

ಅವಳು ತೋರಿಸಿದಳು. ಬಾವಿ ಚೈತ್ರ, ವೈಶಾಖ ಎರಡು ತಿಂಗಳು ಕೆಸರಾಗುತ್ತದೆ, ಮೂರು ಮೊಳ ಇಳಿಸಿ ತೋಡಿಸಿದರೆ ನೀರು ಇದೆ ಎಂದಳು. ಅಡುಗೆಮನೆಯ ಹೊಗೆ ಹೊರಗೆ ಹೋಗುವುದಿಲ್ಲ, ಮೇಲೆ ಗವಾಕ್ಷಿ ಬಿಡಬೇಕು ಎಂದಳು. ತೊಲೆ ನಾಲ್ಕರಲ್ಲಿ ಮೂರು ಸಾಗುವಾನಿ, ಒಂದು ಮತ್ತಿ, ಆದರೆ ಯಾವುದಕ್ಕೂ ಗೆದ್ದಲು ಹತ್ತಿಲ್ಲ, ಹತ್ತದ ಹಾಗೆ ವರ್ಷವರ್ಷವೂ ತಾನೇ ಗೇರೆಣ್ಣೆ ಬಳಿದಿದ್ದೇನೆ ಎಂದಳು. ಕೊನೆಗೆ ಮೂಲೆಯ ಕಣಜಕ್ಕೆ ಕೈ ಹಚ್ಚಿದಳು.

"ದೊಡ್ಡವ್ವಾ!" ಲೋಕಪ್ಪ ಚೀರಿದ.

"ತಾಯಮ್ಮ, ಬಾರೆ, ಈ ಕಡೆ ಹಿಡಿ."

ಅಜ್ಜಿ, ಮೊಮ್ಮಗಳು ಇಬ್ಬರೂ ಕಣಜ ಸರಿಸಿದರು. ಹಸಿ ಸುಣ್ಣದ ತೇಪೆ ಎಲ್ಲರಿಗೂ ಕಾಣಿಸಿತು.

"ಇದರ ಕೆಳಗೆ ಹಗೇವು ಐತೆ. ಹಿಂದೆ ಯಾರೋ ಜೋಳ ತುಂಬಾಕೆ ತೋಡಿದ ಗುಂಡಿ, ಆಳೆತ್ತರ. ಮನೆ ಕಟ್ಟುವಾಗ ತುಂಬಿಸಾಕೆ ಆಗ್ಲಿಲ್ಲ, ಎರಡು ಚಪ್ಪಡಿ ಹಾಸಿ ಮ್ಯಾಲೆ ಮಣ್ಣು ಬಡಿದ್ವಿ. ಅದಕ್ಕೇ ಕಂಬ ಕುಸಿಯಾದು. ತುಂಬಿಸಿಬಿಟ್ರೆ ಮನೆ ಇನ್ನೂ ಐವತ್ತು ವರ್ಷ ನಿಲ್ತೈತೆ. ತುಂಬಿಸ್ಲಿಲ್ಲ ಅಂದ್ರೆ ಯಾವತ್ತೋ ಒಂದಿನ ನಿಮ್ಮ ಮನಿ ಕೂಸು ಅದರಾಗೆ ಬೀಳ್ತೈತೆ. ನಾಳೆ ನೀವು ನಂಗೆ ಹಿಡಿಶಾಪ ಹಾಕಬಾರ್ದು ನೋಡ್ರಿ."

ಆಚಾರಿ ಕೊಡತಿಯಿಂದ ನೆಲ ಕುಟ್ಟಿದ. ಟೊಳ್ಳು ಸದ್ದು ಬಂತು.

ಸಣ್ಣಬೀರಪ್ಪನ ಹೆಂಡತಿ ಮಾಸ್ತಮ್ಮ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಅವನು ಲೋಕಪ್ಪನ ಕಡೆ ತಿರುಗಿದ. "ನಾನು ಮೆಣಸಿನಕಾಯಿ ಚೀಲ ಕೊಳ್ಳೋನು ಕಣ್ರಿ. ಮ್ಯಾಲಿಂದು ನೋಡಿ ಯಾವತ್ತೂ ರೊಕ್ಕ ಕೊಟ್ಟಿಲ್ಲ, ಕೈ ಅಡಿಗೆ ಹಾಕ್ತೀನಿ. ಮನೆ ನಂಗೆ ಬೇಕು, ಬಸ್ ಸ್ಟ್ಯಾಂಡಿಗೆ ಹತ್ರ. ಹಗೇವು ತುಂಬಿಸಾ ಖರ್ಚಿಗೆ ಮುನ್ನೂರು ಮುರ್ಕಂತೀನಿ. ಆದ್ರೆ ಈ ತಾಯಿ ಒಪ್ಪಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು. ಈಗ ಹೆಣ್ಣುಮಕ್ಕಳ ಹಕ್ಕು ಅಂತ ಹೊಸ ಕಾಯ್ದೆ ಬೇರೆ ಬಂದೈತೆ. ನಾಳೆ ತಕರಾರು ನಂಗೆ ಬ್ಯಾಡ. ಅಟ್ಟದಾಗೆ ಕುಂತು ಅತ್ತೋರ ಮನೆ ನನ್ನ ಹೆಂಡ್ತಿಗೂ ಬ್ಯಾಡ."

ಅವರು ಹೋದದ್ದೇ ತಡ, ಜಗಳ ಶುರುವಾಯಿತು. ಮುನ್ನೂರು ರೂಪಾಯಿ ಬೆಲೆ ಇಳಿಯಿತು, ಮನೆಯ ಮಾನ ಹೋಯಿತು, ಮುದುಕಿಗೆ ತಲೆ ಕೆಟ್ಟಿದೆ ಎಂದು ಲೋಕಪ್ಪ ಕುಣಿದಾಡಿದ. ಬಸಕ್ಕ ತಟ್ಟೆಗಳನ್ನು ಕುಕ್ಕಿದಳು.

"ಇಪ್ಪತ್ತು ವರ್ಷ ಈ ಹೊಗೆ ಕುಡಿದೀನಿ ದೊಡ್ಡತ್ತೆ. ಕಣ್ಣು ನೋಡ್ರಿ ಹೆಂಗಾಗ್ಯಾವೆ. ನಂಗೂ ಒಂದು ನೆಟ್ಟಗಿನ ಮನೆ ಬ್ಯಾಡ್ವೇನ್ರಿ? ಅದಕ್ಕೂ ಕಲ್ಲು ಹಾಕಿದ್ರಲ್ಲ!"

"ನೀನು ಇಪ್ಪತ್ತು ವರ್ಷ ಕುಡ್ದಿ, ನಾನು ನಲವತ್ತು ವರ್ಷ ಕುಡ್ದೀನಿ. ನಿನಗೆ ಮನೆ ಬ್ಯಾಡ ಅಂದ್ನೇನೆ? ನನ್ನ ಅಟ್ಟಕ್ಕೆ ಹಾಕಿ ಏಣಿ ತೆಗೆದ್ರಲ್ಲ, ಅದನ್ನ ಕೇಳು ನಿನ್ನ ಗಂಡಂಗೆ."

"ಕೆಲಸದಾಕಿ ಅಂದ್ರೆ ಸಾಕಾ ಅಪ್ಪಾ? ನೀನು ಸಣ್ಣೋನಿದ್ದಾಗ ನಿನ್ನ ಎತ್ಕಂಡು ತಿರುಗಿದ ಕೆಲಸಕ್ಕೂ ಸೇರಿಸಿ ಸಂಬಳ ಕೊಡು," ಎಂದಳು ತಾಯಮ್ಮ. ಅವಳ ಕೆನ್ನೆಗೆ ಏಟು ಬಿತ್ತು. ಅಂದು ಆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಮೂರು ದಿನ ಕಳೆದ ಮೇಲೆ ಗಾಳಿ ಬೇರೆ ಕಡೆಯಿಂದ ಬೀಸತೊಡಗಿತು. ಹೆಬ್ಬೆಟ್ಟಿಲ್ಲದೆ ಮನೆ ಹೋಗುವುದಿಲ್ಲ ಎಂದು ಗೊತ್ತಾಗಿತ್ತಲ್ಲ. ಹುಲಿಗೆಮ್ಮನ ಅನ್ನಕ್ಕೆ ತುಪ್ಪ ಬಿತ್ತು. ವರ್ಷಗಟ್ಟಲೆ ಅವಳ ಪಾಲಿಗೆ ಬರುತ್ತಿದ್ದದ್ದು ತಳದ ಸೀದ ಅನ್ನ, ಈಗ ಬಿಸಿ ಅನ್ನವೇ ಮೊದಲು ಅವಳ ತಟ್ಟೆಗೆ. ಶುಕ್ರವಾರ ಹೋಳಿಗೆ ಮಾಡಿದರು. ಲೋಕಪ್ಪ ಸೊರಬದಿಂದ ಬರುವಾಗ ಬಾಳೆಹಣ್ಣಿನ ಚಿಪ್ಪು, ಒಂದು ಕಂಬಳಿ ತಂದ. "ದೊಡ್ಡವ್ವ, ನಿಂಗೆ ಚಳಿ ಆಗ್ತದಲ್ಲ" ಎಂದ. ಬೇಸಿಗೆಯಲ್ಲಿ ಕಂಬಳಿ! ಈ ತುಪ್ಪ, ಈ ಕಂಬಳಿ ಯಾವುದೂ ತನಗಲ್ಲ, ತನ್ನ ಹೆಬ್ಬೆರಳಿಗೆ ಎಂದು ಹುಲಿಗೆಮ್ಮನಿಗೆ ಗೊತ್ತಿತ್ತು. ಅಟ್ಟಕ್ಕೆ ಹತ್ತಿಸಿದ್ದಕ್ಕಿಂತ ಇದೇ ಅವಳಿಗೆ ಹೆಚ್ಚು ಸಿಟ್ಟು ತಂದಿತು. ಆದರೂ ಹೋಳಿಗೆ ಬಿಡಲಿಲ್ಲ. ಎರಡು ತಿಂದಳು.

ಚೌಡಪ್ಪ ಒಂದು ಮಧ್ಯಾಹ್ನ ಯಾರೂ ಇಲ್ಲದ್ದು ನೋಡಿ ಹತ್ತಿರ ಬಂದು ಕೂತ.

"ಅತ್ಗೆಮ್ಮ, ಅವತ್ತು ನಂಗೆ ಏನೂ ಅನ್ನಾಕೆ ಆಗ್ಲಿಲ್ಲ. ಮಗನ ಮುಂದೆ ನಂಗೆ ಬಾಯಿಲ್ಲ."

"ಎಲೆಯಡಿಕೆಗೆ ಐತಲ್ಲ."

ಅವನು ಎಲೆಯಡಿಕೆಯ ಚೀಲ ಎತ್ತಿಕೊಂಡು ಜಗಲಿಗೆ ಹೋದ. ಅವಳಿಗೆ ಅಷ್ಟು ಅಂದದ್ದಕ್ಕೆ ಸ್ವಲ್ಪ ಬೇಜಾರೂ ಆಯಿತು, ಆದರೆ ಮಾತು ವಾಪಸು ತೆಗೆದುಕೊಳ್ಳಲಿಲ್ಲ.

ಮರುವಾರ ಲೋಕಪ್ಪ ನೇರವಾಗಿ ಕೇಳಿದ. "ಹೆಬ್ಬೆಟ್ಟು ಒತ್ತಾಕೆ ಏನಂತೀಯ ದೊಡ್ಡವ್ವ?"

"ಮೊದ್ಲು ಆ ಸೊರಬದ ಮನೆ ತೋರಿಸು. ಎಲ್ರೂ ಮನೆ ನೋಡಾದೇ ನೋಡಾದು, ನಾನೂ ಒಂದು ನೋಡ್ತೀನಿ."

ಬಸ್ಸಿನಲ್ಲಿ ಹುಲಿಗೆಮ್ಮ, ತಾಯಮ್ಮ, ಲೋಕಪ್ಪ ಮೂವರೂ ಸೊರಬಕ್ಕೆ ಹೋದರು. ಮನೆ ಚೆನ್ನಾಗಿಯೇ ಇತ್ತು. ಕೆಂಪು ಹೆಂಚು, ಸಿಮೆಂಟಿನ ನೆಲ, ಅಡುಗೆಮನೆಗೆ ಹೊಗೆಗೂಡು. ಹುಲಿಗೆಮ್ಮ ಬೆರಳ ಗೆಣ್ಣಿನಿಂದ ಗೋಡೆ ಕುಟ್ಟಿದಳು, ಬಾಗಿಲ ಕೀಲು ಆಡಿಸಿದಳು, ಬಾವಿಯ ನೀರು ಸೇದಿ ಬಾಯಿಗೆ ಹಾಕಿ ರುಚಿ ನೋಡಿದಳು. ಸಿಹಿ ನೀರು. ಬಸಕ್ಕನ ಕಣ್ಣು ಇಲ್ಲಿ ತಂಪಾಗುತ್ತದೆ ಎಂದು ಮನಸ್ಸಿನಲ್ಲಿ ನಿಜವಾಗಿಯೂ ಸಂತೋಷಪಟ್ಟಳು.

"ಮನೆ ಒಳ್ಳೇದೈತೆ ಲೋಕಾ. ಎರಡು ಕೋಣೆ ಐತೆ. ಒಂದು ನಿಂದು, ಒಂದು ನಿಮ್ಮಪ್ಪಂದು. ತಾಯಮ್ಮ ಅಡಿಗೆಮನ್ಯಾಗೆ ಮಲಗ್ತಾಳೆ. ನನ್ನ ಹಾಸಿಗೆ ಎಲ್ಲಿ?"

ಲೋಕಪ್ಪ ತಡವರಿಸುವಷ್ಟರಲ್ಲಿ ಆ ಮನೆಯೊಡತಿ, ಒಳ್ಳೆಯ ಹೆಂಗಸು, ನಗುತ್ತ ಹೇಳಿದಳು. "ನಿಮಗೆ ಅಂತಲೇ ಅಟ್ಟಕ್ಕೆ ಹಲಗೆ ಹೊಡೆಸಿ ಅಂದಿದ್ರು ಇವರು. ಹೊಡೆಸಿದ್ದೇನೆ ನೋಡಿ ಅಮ್ಮಾ. ಬೆಚ್ಚಗೆ ಇರ್ತದೆ."

ಹುಲಿಗೆಮ್ಮ ತಲೆ ಎತ್ತಿ ನೋಡಿದಳು. ಹೊಸ ಹಲಗೆ, ಬಿಳಿ ಬಿಳಿ. ಗೋಡೆಗೆ ಒಂದು ಏಣಿಯೂ ಒರಗಿತ್ತು. ಮೂರು ತಿಂಗಳ ಪಾಳಿ ಮುಗಿಸಿ ಬಂದ ಮೇಲೆ ತನ್ನ ಜಾಗ ಇದು. ತಾಯಮ್ಮ ಅಜ್ಜಿಯ ಕೈ ಹಿಡಿದುಕೊಂಡಳು.

"ವಯಸ್ಸಾದೋರಿಗೆ ಬೆಚ್ಚಗಿರ್ಲಿ ಅಂತ..." ಎಂದ ಲೋಕಪ್ಪ.

"ಬಸ್ಸಿಗೆ ಹೊತ್ತಾತು, ನಡಿ," ಎಂದಳು ಹುಲಿಗೆಮ್ಮ. ದಾರಿಯುದ್ದಕ್ಕೂ ಅವಳು ಒಂದು ಮಾತೂ ಆಡಲಿಲ್ಲ. ಅವಳು ಒಪ್ಪಿದಳೆಂದೇ ಲೋಕಪ್ಪ ತಿಳಿದುಕೊಂಡ.

ಶಿರಾಳಕೊಪ್ಪದ ಸಂತೆಯ ದಿನ, ಹುಣಸೆಹಣ್ಣು ತರುತ್ತೇವೆ ಎಂದು ಹೇಳಿ ಅಜ್ಜಿ, ಮೊಮ್ಮಗಳು ಬಸ್ಸು ಹತ್ತಿದರು. ಮೆಣಸಿನಕಾಯಿಯ ಘಾಟಿಗೆ ಸೀನುತ್ತ ಸಣ್ಣಬೀರಪ್ಪನ ಅಂಗಡಿಗೆ ಹೋದರು. ಅವನು ಚೀಲ ಒಂದನ್ನು ಹಾಸಿ ಕೂರಿಸಿದ.

"ಹೆಬ್ಬೆಟ್ಟು ಒತ್ತಾಕೆ ನಂದೊಂದು ಮಾತೈತೆ," ಎಂದಳು ಹುಲಿಗೆಮ್ಮ. "ಹಿಂದಿನ ಕೋಣೆ, ಮೊದ್ಲು ಕೊಟ್ಟಿಗೆ ಆಗಿದ್ದು, ಅದರ ಬಾಗಿಲು ಓಣಿ ಕಡೆಗೈತೆ. ಅದು ನಾನು ಬದುಕಿರಾ ತನಕ ನಂದು. ಬಾವಿ ನೀರು ಸೇದಾ ಹಕ್ಕೂ ನಂದು. ಕಾಗದದಾಗೆ ಬರೀಬೇಕು. ನಾನು ಹ್ವಾದ ಮ್ಯಾಲೆ ಎಲ್ಲ ನಿಮ್ದೇ."

"ಆ ಕೋಣೆಗೂ ರೊಕ್ಕ ಕೊಡಾಕೆ ನಾನು ಒಪ್ಪೀನಲ್ಲ ತಾಯಿ?"

"ಅದನ್ನ ಲೋಕಪ್ಪನ ರೊಕ್ಕದಾಗೆ ಮುರ್ಕಳ್ರಿ."

ಸಣ್ಣಬೀರಪ್ಪ ಜೋರಾಗಿ ನಕ್ಕ. ಅವನೇನು ದಾನಶೂರನಲ್ಲ. ಮುಂದಿನ ವರ್ಷದವರೆಗೆ ಆ ಮನೆಯಲ್ಲಿ ಚೀಲ ಹಾಕಿಡುವ ಯೋಚನೆ ಅವನದು. ನಂಬಿಕೆಯ ಒಂದು ಜೀವ ಹಿಂದೆ ಇದ್ದರೆ ಕಾವಲುಗಾರನ ಸಂಬಳ ಉಳಿಯುತ್ತದೆ ಎಂದು ಅವನ ತಲೆ ಆಗಲೇ ಓಡಿತ್ತು. ಒಳಗಿನಿಂದ ಮಾಸ್ತಮ್ಮ ಬಂದು, "ಹೂಂ ಅನ್ರಿ, ಸುಮ್ನೆ ಯಾಕೆ ಯೋಚ್ನೆ ಮಾಡ್ತೀರಿ?" ಎಂದಳು.

"ಆತು. ಆದ್ರೆ ಹಗೇವು ತುಂಬಿಸುವಾಗ ನೀವೇ ಮುಂದೆ ನಿಂತು ಮಾಡಿಸ್ಬೇಕು."

"ನಾನಲ್ದೆ ಇನ್ಯಾರು ಮಾಡಿಸ್ತಾರೆ?"

ಕ್ರಯಪತ್ರದ ದಿನ ಲೋಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಹುಲಿಗೆಮ್ಮನನ್ನು ಜಟಕಾ ಗಾಡಿಯಲ್ಲಿ ಕೂರಿಸಿಕೊಂಡು ಬಂದ. ಆ ಗಾಡಿಯಲ್ಲಿ ಅವಳು ಕೂತದ್ದು ಅದೇ ಮೊದಲು. ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ ಪತ್ರ ಬರೆಯುವವನು ಕನ್ನಡಕ ಏರಿಸಿ ಓದತೊಡಗಿದ. ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಇಂಥವರ ಮನೆ ಎಂದೆಲ್ಲ ಓದಿ, "ಸದರಿ ಮನೆಯ ಹಿಂದಿನ ಕೋಣೆ ಮತ್ತು ಬಾವಿಯ ನೀರು ಹುಲಿಗೆಮ್ಮನವರ ಹಯಾತಿ ಇರುವವರೆಗೆ ಅವರ ಸ್ವಾಧೀನ..." ಎನ್ನುವಷ್ಟರಲ್ಲಿ ಲೋಕಪ್ಪ ಕಾಗದ ಕಿತ್ತುಕೊಳ್ಳಲು ಹೋದ.

"ಇದ್ಯಾರು ಬರೆಸಿದ್ದು? ಅದಕ್ಕೇ ಏನು ಮತ್ತೂ ಇನ್ನೂರು ಕಮ್ಮಿ ಮಾಡಿದ್ದು? ದೊಡ್ಡವ್ವ, ನಿನ್ನ ಹೊಟ್ಯಾಗೆ ಇಷ್ಟೆಲ್ಲ ಇತ್ತಾ? ಊರೋರು ಏನಂತಾರೆ? ಸಾಕಿದ ಮಗ ಮುದುಕಿನ್ನ ಕೊಟ್ಟಿಗ್ಯಾಗೆ ಬಿಟ್ಟು ಹ್ವಾದ ಅಂತ ಉಗೀತಾರೆ!"

"ಅಟ್ಟದಾಗೆ ಇಟ್ಟಾಗ ಊರೋರು ನೆಪ್ಪಾಗ್ಲಿಲ್ಲೇನೋ?" ಹುಲಿಗೆಮ್ಮನ ದನಿ ಕಚೇರಿಯ ಒಳಗಿದ್ದವರಿಗೂ ಕೇಳಿಸಿತು. "ಎರಡು ಗಂಟೆ ಕುಂತಿದ್ದೆ. ಉಚ್ಚೆ ಹೊಯ್ಯಾಕೆ ಇಳಿಯಾಕೂ ಏಣಿ ಇರ್ಲಿಲ್ಲ. ಸೊರಬದಾಗೆ ನಂಗೆ ಹಲಗೆ ಹೊಡೆಸಿದ್ಯಲ್ಲ, ಅಲ್ಲೂ ಯಾರಾದ್ರೂ ಬಂದ್ರೆ ಏಣಿ ತೆಗೀತಿದ್ಯಲ್ಲ? ಕೆಲಸದಾಕಿ ಹೆಬ್ಬೆಟ್ಟು ನಿಂಗ್ಯಾಕೆ ಬೇಕು? ಹಂಗೇ ಮಾರ್ಕ ಹೋಗು!"

ಲೋಕಪ್ಪ ಅಪ್ಪನ ಕಡೆ ತಿರುಗಿದ. "ಅಪ್ಪಾ, ನೀನು ಸೈನು ಹಾಕಬ್ಯಾಡ. ಏಳು, ಹೋಗಾಣ."

ಚೌಡಪ್ಪ ಎದ್ದ. ಬಾಯಲ್ಲಿದ್ದ ಎಲೆಯಡಿಕೆಯನ್ನು ಜಗಲಿಯಾಚೆ ಉಗುಳಿ, ಪಂಚೆಯ ತುದಿಯಿಂದ ತುಟಿ ಒರೆಸಿಕೊಂಡ. ಪತ್ರ ಬರೆಯುವವನ ಕೈಯಿಂದ ಪೆನ್ನು ತೆಗೆದುಕೊಂಡ.

"ಎಲ್ಲಿ ಹಾಕ್ಬೇಕು ತೋರಿಸ್ರಿ," ಎಂದ. "ನಮ್ಮಣ್ಣ ಇದ್ದಿದ್ರೆ ಅವತ್ತು ಅಟ್ಟಕ್ಕೆ ನನ್ನ ಹತ್ತಿಸ್ತಿದ್ದ."

ಅವನು ಸಹಿ ಹಾಕಿದ ಮೇಲೆ ಹುಲಿಗೆಮ್ಮ ಹೆಬ್ಬೆರಳು ಮಸಿಗೆ ಒತ್ತಿದಳು. ಲೋಕಪ್ಪನಿಗೆ ಬೇರೆ ದಾರಿ ಇರಲಿಲ್ಲ. ಸೊರಬದ ಮನೆಗೆ ಮುಂಗಡ ಕೊಟ್ಟಾಗಿತ್ತು. ಅವನೂ ಹಲ್ಲು ಕಚ್ಚಿಕೊಂಡು ಸಹಿ ಹಾಕಿದ.

ಮೊದಲ ಮಳೆ ಬಿದ್ದು ಬಾವಿಗೆ ನೀರು ಬಂದಿತ್ತು. ಮನೆ ಖಾಲಿ ಮಾಡುವ ದಿನ ಎರಡು ಗಾಡಿ ಸಾಮಾನು ತುಂಬಿತು. ಬಸಕ್ಕ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, "ಪಾತ್ರೆ ಗೀತ್ರೆ ಏನು ಬೇಕೋ ತಗಳ್ರಿ ದೊಡ್ಡತ್ತೆ," ಎಂದಳು. ಅವಳ ಕಣ್ಣು ಕೆಂಪಾಗಿತ್ತು. ಅದು ಹೊಗೆಯಿಂದಲೇ ಇರಬಹುದು, ಹುಲಿಗೆಮ್ಮ ಕೇಳಲಿಲ್ಲ. ಎರಡು ಮಡಕೆ, ರೊಟ್ಟಿಯ ಹೆಂಚು, ಒಂದು ತಟ್ಟೆ, ಒಂದು ಚೊಂಬು, ಒಂದು ಕೊಡ, ಸೌದೆಯ ಕೊಡಲಿ ಎತ್ತಿಟ್ಟುಕೊಂಡಳು.

"ಮತ್ತೇನೂ ಬ್ಯಾಡ್ವಾ?"

"ಆ ಏಣಿ ಬಿಟ್ಟು ಹೋಗ್ರಿ."

"ಒಂಟಿ ಮುದುಕಿ, ಏಣಿ ತಗಂಡು ಏನು ಮಾಡ್ತೀಯ?" ಗಾಡಿಯ ಹತ್ತಿರ ನಿಂತಿದ್ದ ಲೋಕಪ್ಪ ಗೊಣಗಿದ. ಆದರೆ ಏಣಿ ಇಳಿಸಿ ಗೋಡೆಗೆ ಒರಗಿಸಿದ. ತಾಯಮ್ಮ ಗಾಡಿಯಿಂದ ಇಳಿದು ಓಡಿ ಬಂದು ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು. "ರಜೆ ಬಂದ ಕೂಡ್ಲೇ ಬರ್ತೀನಿ ಅಜ್ಜಿ," ಎಂದಳು. ಚೌಡಪ್ಪ ಹಿಂದಿನ ಗಾಡಿಯಲ್ಲಿ ಕೂತು ತಿರುವಿನವರೆಗೂ ಇತ್ತಲೇ ನೋಡುತ್ತಿದ್ದ.

ಗಾಡಿಗಳು ಕಣ್ಮರೆಯಾದ ಮೇಲೆ ಹುಲಿಗೆಮ್ಮ ಬಾವಿಯಿಂದ ಒಂದು ಕೊಡ ನೀರು ಸೇದಿ ತಂದಳು. ಕೋಣೆಯ ಮೂಲೆಯಲ್ಲಿ ಮೂರು ಕಲ್ಲು ಜೋಡಿಸಿ ಒಲೆ ಮಾಡಿದಳು. ಆಮೇಲೆ ಕೊಡಲಿ ತೆಗೆದುಕೊಂಡು ಓಣಿಯ ಬಿಸಿಲಿನಲ್ಲಿ ಏಣಿಯನ್ನು ಅಡ್ಡ ಮಲಗಿಸಿ ಕಡಿಯಲು ಕೂತಳು. ಮತ್ತಿ ಮರ, ಗಟ್ಟಿ. ಮೈಯೆಲ್ಲ ಬೆವೆತರೂ ಬಿಡಲಿಲ್ಲ. ಪಕ್ಕದ ಮನೆಯವಳು ಗೋಡೆಯ ಮೇಲಿಂದ ಇಣುಕಿ, "ಅಯ್ಯೋ, ಒಳ್ಳೆ ಏಣಿ ಅಲ್ವಾ ಹುಲಿಗೆಮ್ಮಾ?" ಎಂದಳು.

"ಹೂಂ, ಚೆನ್ನಾಗಿ ಉರೀತೈತೆ," ಎಂದಳು ಹುಲಿಗೆಮ್ಮ.

ಏಣಿಗೆ ಏಳು ಮೆಟ್ಟಿಲಿದ್ದವು. ಅನ್ನ, ಹುರುಳಿ ಸಾರು ಎರಡಕ್ಕೂ ನಾಲ್ಕು ಸಾಕಾದವು. ಬಾಗಿಲು ಅಗಲವಾಗಿ ತೆರೆದಿಟ್ಟು, ಹೋಗಿಬರುವವರಿಗೆಲ್ಲ ಕಾಣುವ ಹಾಗೆ ಹೊಸ್ತಿಲಿನ ಬಳಿಯೇ ಕೂತು ಉಂಡಳು. ಉಳಿದ ಮೂರು ಮೆಟ್ಟಿಲುಗಳನ್ನು ಬೆಳಗಿನ ರೊಟ್ಟಿಗೆಂದು ಒಲೆಯ ಪಕ್ಕ ಜೋಡಿಸಿಟ್ಟುಕೊಂಡಳು.